ಗಂಟು, ತಿರುಚು, ಬಿರುಕು: ಸೊಟ್ಟ ಸೀಳಿನಿಂದ ಬಿಲ್ಲು ಮಾಡುವಾಗ ದೋಷ ಹುಡುಕುವ ಬಗೆ

ಗಂಟಿರುವ, ಸೊಟ್ಟಗಿರುವ, ತಿರುಚಿಕೊಂಡಿರುವ ಮರದ ಸೀಳಿನಿಂದಲೂ ಬಾಳಿಕೆ ಬರುವ ಬಿಲ್ಲು ಮಾಡಬಹುದು. ನಾನು ನೋಡಿದ ಮುರಿದ ಬಿಲ್ಲುಗಳಲ್ಲಿ ಹೆಚ್ಚಿನವು ಗಂಟಿನ ಕಾರಣಕ್ಕೇ ಮುರಿದವಲ್ಲ. ದೋಷ ಒಂದು ಕಡೆ ಕಂಡಿತು, ಮಾಡಿದವರು ಅಲ್ಲೇ ಹೆರೆದರು, ಅದಕ್ಕೇ ಮುರಿದವು. ಬಿಲ್ಲಿನಲ್ಲಿ ತೊಂದರೆ ಕಾಣುವ ಜಾಗ ಒಂದು, ಅದು ಹುಟ್ಟುವ ಜಾಗ ಇನ್ನೊಂದು. ತೋಳಿನ ಒಂದು ಕಡೆ ಜಾಸ್ತಿ ಬಾಗುತ್ತಿದ್ದರೆ, ಅದರ ಅಕ್ಕಪಕ್ಕ ಬಾಗುತ್ತಿಲ್ಲ ಎಂದು ತಿಳಿಯಬೇಕು. ಹೆದೆ ಎಡಕ್ಕೆ ಜಾರುತ್ತಿದ್ದರೆ ಕೆಲಸ ಇರುವುದು ಬಲಗಡೆ. ಹಾಗಾಗಿ ಅರ ಕೈಗೆ ತೆಗೆದುಕೊಳ್ಳುವ ಮೊದಲು ಅಳತೆ ಮಾಡಬೇಕು. ಈ ಬರಹದ ಮುಕ್ಕಾಲು ಪಾಲು ಆ ಅಳತೆಯ ಬಗ್ಗೆಯೇ ಇದೆ.

ಮೊದಲು ಕೆಲವು ಹೆಸರುಗಳು. ಬಿಲ್ಲು ಹಿಡಿದಾಗ ಗುರಿಯ ಕಡೆ ಇರುವ ಮೇಲ್ಮೈ ಬೆನ್ನು, ನಮ್ಮ ಕಡೆ ಇರುವುದು ಹೊಟ್ಟೆ. ನಡುವೆ ಹಿಡಿ, ಅದರ ಎರಡೂ ಕಡೆ ತೋಳುಗಳು. ತುದಿಯಲ್ಲಿ ಹೆದೆ ಕೂರುವ ಕಚ್ಚುಗಳು. ಎಳೆದಾಗ ಬೆನ್ನು ಹಿಗ್ಗುತ್ತದೆ, ಹೊಟ್ಟೆ ಕುಗ್ಗುತ್ತದೆ. ಬೆನ್ನಿನ ದೋಷ ಬಿಲ್ಲನ್ನು ಒಂದೇ ಏಟಿಗೆ ಮುರಿಯುತ್ತದೆ. ಹೊಟ್ಟೆಯ ದೋಷ ನಿಧಾನವಾಗಿ ಸೋಲಿಸುತ್ತದೆ. ಎಲ್ಲಾ ಪರೀಕ್ಷೆಯೂ ಈ ವ್ಯತ್ಯಾಸದಿಂದಲೇ ಶುರುವಾಗುತ್ತದೆ.

ಮರದ ವಿಚಾರ

ಇಲ್ಲಿ ಹೇಳುವುದು ಓಸೇಜ್ ಆರೆಂಜ್ ಮರದ ಬಗ್ಗೆ. ಅಮೆರಿಕದ ಟೆಕ್ಸಸ್, ಓಕ್ಲಹೋಮ, ಅರ್ಕಾನ್ಸಸ್ ರಾಜ್ಯಗಳು ಸೇರುವ ಸೀಮೆ ಇದರ ತವರು. 19ನೇ ಶತಮಾನದಲ್ಲಿ, ಮುಳ್ಳುತಂತಿ ಬರುವ ಮೊದಲು, ಅಮೆರಿಕದ ರೈತರು ಹೊಲಕ್ಕೆ ಜೀವಂತ ಬೇಲಿಯಾಗಿ ಇದನ್ನು ಸಾಲುಸಾಲಾಗಿ ನೆಟ್ಟರು. ಇಂದು ಕಾನ್ಸಸ್, ಮಿಸೌರಿ ಕಡೆ ಸಿಗುವ ಮರಗಳಲ್ಲಿ ಬಹಳಷ್ಟು ಆ ಬೇಲಿಸಾಲಿನವೇ. ಬೇಲಿ ಮರ ನೇರವಾಗಿ ಬೆಳೆಯುವುದಿಲ್ಲ. ಕೊಂಬೆ ಜಾಸ್ತಿ, ಮುಳ್ಳು ಜಾಸ್ತಿ, ಹಾಗಾಗಿ ಗಂಟೂ ಜಾಸ್ತಿ. ಆದರೂ ಬಿಲ್ಲು ಮಾಡುವವರು ಇದನ್ನು ಬಿಡುವುದಿಲ್ಲ. 1811ರಲ್ಲಿ ಮಿಸೌರಿ ನದಿಯ ಮೇಲ್ಭಾಗಕ್ಕೆ ಹೋದ ಸಸ್ಯವಿಜ್ಞಾನಿ ಜಾನ್ ಬ್ರಾಡ್‌ಬರಿ, ಅಲ್ಲಿನ ಮೂಲನಿವಾಸಿಗಳಾದ ಅರಿಕಾರ ಜನರ ನಡುವೆ ಈ ಮರದ ಒಂದು ಬಿಲ್ಲಿಗೆ ಒಂದು ಕುದುರೆ ಮತ್ತು ಒಂದು ಕಂಬಳಿ ಬೆಲೆ ಇತ್ತೆಂದು ಬರೆದಿದ್ದಾರೆ. ಮರ ಭಾರ, ಗಟ್ಟಿ. ಕುಗ್ಗುವ ಒತ್ತಡವನ್ನು ಬೇರೆ ಮರಗಳಿಗಿಂತ ಚೆನ್ನಾಗಿ ತಾಳುತ್ತದೆ, ಬಿಸಿ ಮಾಡಿದರೆ ಹೇಳಿದ ಮಾತು ಕೇಳುತ್ತದೆ. ಸೊಟ್ಟ ಸೀಳಿಗೆ ಇದಕ್ಕಿಂತ ಕ್ಷಮಾಗುಣದ ಮರ ನನಗೆ ಗೊತ್ತಿಲ್ಲ.

ನಮ್ಮ ಹಲಸು, ಹಿಪ್ಪುನೇರಳೆ ಇದೇ ಕುಟುಂಬದವು. ಕತ್ತರಿಸಿದಾಗ ಬರುವ ಹಳದಿ ಬಣ್ಣ, ಹಾಲು, ಎರಡೂ ಹಲಸನ್ನು ಕಂಡವರಿಗೆ ಹೊಸದಲ್ಲ. ಕರ್ನಾಟಕದಲ್ಲಿದ್ದು ಬಿಲ್ಲು ಮಾಡುವ ಆಸೆ ಇರುವವರು ಹಿಪ್ಪುನೇರಳೆಯನ್ನು ನೋಡಬಹುದು. ರೇಷ್ಮೆಗಾಗಿ ಪದೇಪದೇ ಸವರುವ ತೋಟದ ಗಿಡ ಆಗುವುದಿಲ್ಲ. ಹೊಲದ ಬದುವಿನಲ್ಲಿ ಮರವಾಗಿ ಬೆಳೆಯಲು ಬಿಟ್ಟದ್ದು ಬೇಕು. ಅದರಲ್ಲಿ ವರ್ಷದ ಉಂಗುರ ಸ್ಪಷ್ಟವಾಗಿ ಕಾಣದಿದ್ದರೆ ತೊಗಟೆಯನ್ನು ಮಾತ್ರ ಸುಲಿದು, ಅದರ ಕೆಳಗಿನ ಮೇಲ್ಮೈಯನ್ನೇ ಮುಟ್ಟದೆ ಬೆನ್ನಾಗಿ ಉಳಿಸಿಕೊಳ್ಳಿ. ಕೆಳಗೆ ಬರುವ ಪರೀಕ್ಷೆಗಳು ಅದಕ್ಕೂ ಹೊಂದುತ್ತವೆ. ತೋಳು ಮಾತ್ರ ಓಸೇಜ್‌ಗಿಂತ ಸ್ವಲ್ಪ ಅಗಲವಿರಲಿ.

ಓಸೇಜ್ ಆದರೆ ತೊಗಟೆ ಮತ್ತು ಬಿಳಿ ಮರವನ್ನು ತೆಗೆದು ಹಳದಿ ಚೇಗಿಗೆ ಇಳಿಯುತ್ತೇವೆ. ಪ್ರತಿ ವರ್ಷದ ಉಂಗುರದಲ್ಲಿ ಎರಡು ಪದರ. ವಸಂತದಲ್ಲಿ ಬೆಳೆದದ್ದು ತೆಳು, ಸಣ್ಣ ಸಣ್ಣ ತೂತಿನದು. ಬೇಸಿಗೆಯಲ್ಲಿ ಬೆಳೆದದ್ದು ದಪ್ಪ, ನುಣುಪು, ಗಟ್ಟಿ. ಎರಡು ಹಿಡಿಯ ಎಳೆಗತ್ತಿಯಿಂದ ತೆಗೆಯುವಾಗ ತೂತಿನ ಪದರ ಕರಕರ ಎನ್ನುತ್ತದೆ. ಅದನ್ನು ಹೆರೆದು, ಅದರ ಕೆಳಗಿನ ಒಂದೇ ಗಟ್ಟಿ ಪದರವನ್ನು ತುದಿಯಿಂದ ತುದಿಗೆ ಉಳಿಸಬೇಕು. ಆ ಪದರವೇ ಬಿಲ್ಲಿನ ಬೆನ್ನು. ಅದು ಏರಿದರೆ ನೀವೂ ಏರಬೇಕು, ಇಳಿದರೆ ಇಳಿಯಬೇಕು. ಸಪಾಟು ಮಾಡುವ ಆಸೆಯನ್ನು ಇಲ್ಲೇ ಬಿಡಬೇಕು. ಪುಡಿ ಚರ್ಮಕ್ಕೆ, ಮೂಗಿಗೆ ತಾಗಿದರೆ ಕೆಲವರಿಗೆ ತುರಿಕೆ ಬರುತ್ತದೆ, ಮುಖಕ್ಕೆ ಮಾಸ್ಕ್ ಇರಲಿ.

ಮೊದಲು ಸುಮ್ಮನಿರುವ ಬಿಲ್ಲನ್ನು ಅಳೆಯಿರಿ

ನೇರ ಸೀಳಿನಲ್ಲಿ ಕಣ್ಣೇ ಸಾಕು. ಬಾಗಿದಾಗ ಕಾಣುವ ಆಕಾರವೇ ಬಾಗು. ಸೊಟ್ಟ ಸೀಳಿನಲ್ಲಿ ಕಣ್ಣು ಮೋಸ ಹೋಗುತ್ತದೆ. ಮೊದಲೇ ಹೊಟ್ಟೆಯ ಕಡೆ ಸ್ವಲ್ಪ ಬಾಗಿರುವ ಜಾಗ, ಎಳೆದಾಗ ಮಡಚಿದಂತೆ ಕಾಣುತ್ತದೆ. ಬೆನ್ನಿನ ಕಡೆ ಬಾಗಿರುವ ಜಾಗ, ಎಷ್ಟು ಎಳೆದರೂ ಕಡ್ಡಿಯಂತೆ ನೆಟ್ಟಗೆ ಕಾಣುತ್ತದೆ. ಎರಡೂ ನಿಜವಾಗಿರಬೇಕಿಲ್ಲ.

ಇದಕ್ಕೆ ನಾನು ಬಳಸುವ ವಿಧಾನ ತುಂಬಾ ಸರಳ. ತೋಳಿನ ಉದ್ದಕ್ಕೂ ಹತ್ತು ಸೆಂಟಿಮೀಟರಿಗೊಂದು ಪೆನ್ಸಿಲ್ ಗುರುತು ಹಾಕಿ. ಹೆದೆ ಇಲ್ಲದಾಗ ಪ್ರತಿ ಗುರುತಿನ ಮೇಲೆ 15 ಸೆಂಟಿಮೀಟರ್ ಸ್ಕೇಲನ್ನು ಅಂಚಿನ ಮೇಲೆ ನಿಲ್ಲಿಸಿ ಹೊಟ್ಟೆಗೆ ತಾಗಿಸಿ. ಸ್ಕೇಲಿನ ನಡುವೆ ಸಂದು ಎಷ್ಟಿದೆ, ಬರೆದುಕೊಳ್ಳಿ. ಮರ ಉಬ್ಬಿದ್ದು ಸ್ಕೇಲು ಅದರ ಮೇಲೆ ತೂಗಾಡಿದರೆ, ಎರಡೂ ತುದಿಯಲ್ಲಿ ಸಮ ಸಂದು ಬರುವಂತೆ ಹಿಡಿದು, ಆ ಅಳತೆಯ ಹಿಂದೆ ಮೈನಸ್ ಹಾಕಿ. ಆಮೇಲೆ ಉದ್ದನೆಯ ಹೆದೆ ಕಟ್ಟಿ, ತುದಿಗಳು ಒಂದು ಗೇಣು ಇಳಿಯುವಷ್ಟು ಬಾಗಿಸಿ, ಮತ್ತೆ ಅದೇ ಅಳತೆ ತೆಗೆಯಿರಿ. ಎರಡರ ವ್ಯತ್ಯಾಸವೇ ಅಲ್ಲಿನ ನಿಜವಾದ ಬಾಗು.

ಒಂದು ಉದಾಹರಣೆ. ಮೂರನೇ ಗುರುತಿನಲ್ಲಿ ಮೊದಲು 3 ಮಿ.ಮೀ. ಸಂದು ಇತ್ತು, ಬಾಗಿಸಿದ ಮೇಲೆ 4 ಆಯಿತು. ಐದನೇ ಗುರುತಿನಲ್ಲಿ ಮೊದಲು ಮೈನಸ್ 3 ಇತ್ತು, ಬಾಗಿಸಿದಾಗ ಸೊನ್ನೆ ಆಯಿತು. ಕಣ್ಣಿಗೆ ಮೂರನೆಯದು ತುಂಬಾ ಬಾಗಿದೆ, ಐದನೆಯದು ಬಾಗಿಯೇ ಇಲ್ಲ. ಲೆಕ್ಕದಲ್ಲಿ ಮೂರನೆಯದು 1 ಮಿ.ಮೀ. ಮಾತ್ರ ಬಾಗಿದೆ, ಐದನೆಯದು 3 ಮಿ.ಮೀ. ಬಾಗಿದೆ. ಕಣ್ಣನ್ನು ನಂಬಿ ಐದನೆಯ ಜಾಗದಲ್ಲಿ ಹೆರೆದರೆ, ಮೊದಲೇ ಜಾಸ್ತಿ ದುಡಿಯುತ್ತಿರುವ ಮರವನ್ನು ಇನ್ನಷ್ಟು ತೆಳ್ಳಗೆ ಮಾಡಿದಂತಾಯಿತು. ಅಲ್ಲೇ ಮುರಿಯುತ್ತದೆ.

ಫೋನಿನಲ್ಲಿ ಒಂದೇ ಜಾಗದಿಂದ ಎರಡು ಫೋಟೊ ತೆಗೆದು ಒಂದರ ಮೇಲೊಂದು ಇಟ್ಟು ನೋಡುವವರೂ ಇದ್ದಾರೆ. ಅದೂ ಒಳ್ಳೆಯದೇ, ಕ್ಯಾಮೆರಾ ಅಲುಗಾಡಬಾರದು ಅಷ್ಟೇ. ಗೋಡೆಗೆ ಗೂಟ ಹೊಡೆದು, ಅದರ ಮೇಲೆ ಹಿಡಿ ಕೂರಿಸಿ, ನೆಲದ ಹತ್ತಿರ ರಾಟೆ ಹಾಕಿ, ಹಗ್ಗವನ್ನು ದೂರದಿಂದ ಎಳೆಯುವ ವ್ಯವಸ್ಥೆ ಇದ್ದರೆ ಬಾಗು ಪೂರ್ತಿ ಕಾಣುತ್ತದೆ. ಮುರಿದರೆ ಚೂರು ಮುಖಕ್ಕೆ ಬರುವುದಿಲ್ಲ. ಕಣ್ಣಿಗೆ ಕನ್ನಡಕ ಹಾಕದೆ ಸೊಟ್ಟ ಬಿಲ್ಲನ್ನು ಎಳೆಯಲೇಬೇಡಿ.

ಒಳ್ಳೆಯ ಬಾಗು ಹೇಗಿರಬೇಕು? ಹಿಡಿಯ ಹತ್ತಿರ ಸ್ವಲ್ಪ ಕಡಿಮೆ, ತೋಳಿನ ನಡುವೆ ಹೆಚ್ಚು ಕಡಿಮೆ ಸಮ, ತುದಿಯ ಕೊನೆಯ ಗೇಣಿನಲ್ಲಿ ಮತ್ತೆ ಕಡಿಮೆ. ಒಂದು ಗುರುತಿನಿಂದ ಮುಂದಿನದಕ್ಕೆ ಅಂಕಿ ದಿಢೀರನೆ ಜಿಗಿಯಬಾರದು.

ತೋಳು ಒಂದೇ ಕಡೆ ಮಡಚಿದಂತೆ ಬಾಗುತ್ತದೆ

ಅಳತೆಯಲ್ಲಿ ಒಂದು ಗುರುತಿನ ಅಂಕಿ ಪಕ್ಕದವಕ್ಕಿಂತ ದುಪ್ಪಟ್ಟಿದ್ದರೆ ಅದು ನಿಜವಾದ ಮಡಿಕೆ. ಮೊದಲ ಕೆಲಸ: ಆ ಜಾಗದ ಎರಡೂ ಕಡೆ ಪೆನ್ಸಿಲಿನಿಂದ ಅಡ್ಡಗೆರೆ ಎಳೆದು, ನಡುವೆ ಕಾಟು ಹಾಕಿ. ಅಲ್ಲಿಗೆ ಇನ್ನು ಉಪಕರಣ ಹೋಗುವಂತಿಲ್ಲ, ಉಪ್ಪುಕಾಗದ ಕೂಡ ಬೇಡ. ಎರಡನೆಯದು: ಮಡಿಕೆ ಸರಿಹೋಗುವ ತನಕ ಹೆದೆಯನ್ನು ಇನ್ನೂ ಹೆಚ್ಚು ಎಳೆಯಬೇಡಿ. ಪ್ರತಿ ಎಳೆತವೂ ಆ ಜಾಗದ ಹೊಟ್ಟೆಯನ್ನು ಜಜ್ಜುತ್ತದೆ.

ಕಾರಣ ಹುಡುಕಲು ದಪ್ಪ ಅಳೆಯುವ ಕ್ಯಾಲಿಪರ್ ಬೇಕು. ಮರದ ಬಿಗಿ ದಪ್ಪದ ಘನಕ್ಕೆ ತಕ್ಕಂತೆ ಏರುತ್ತದೆ, ಅಗಲಕ್ಕೆ ಮಾತ್ರ ನೇರ ಲೆಕ್ಕ. 12 ಮಿ.ಮೀ. ದಪ್ಪದ ಜಾಗ 11 ಆದರೆ ಬಿಗಿ ಸುಮಾರು ಶೇ. 23 ಕಡಿಮೆಯಾಗುತ್ತದೆ. 10 ಆದರೆ ಶೇ. 42 ಹೋಗುತ್ತದೆ. ಅದೇ ಅಗಲದಲ್ಲಿ ಆರನೇ ಒಂದು ಪಾಲು ಕಳೆದರೆ ಬಿಗಿಯೂ ಆರನೇ ಒಂದು ಪಾಲೇ ಕಮ್ಮಿ. ಆದ್ದರಿಂದ ಮಡಿಕೆಯ ಕಾರಣ ನೂರಕ್ಕೆ ತೊಂಬತ್ತು ಸಲ ದಪ್ಪದಲ್ಲೇ ಇರುತ್ತದೆ.

ಸೊಟ್ಟ ಸೀಳಿನಲ್ಲಿ ಈ ತಪ್ಪು ಆಗುವ ದಾರಿ ಒಂದೇ. ಬೆನ್ನಿನ ಪದರ ಏರಿಳಿತದಿಂದ ಕೂಡಿರುತ್ತದೆ. ಮಾಡುವವರು ಬೆನ್ನನ್ನು ಜೋಪಾನವಾಗಿ ಉಳಿಸಿಕೊಂಡು, ಹೊಟ್ಟೆಯನ್ನು ಮಾತ್ರ ಕೀಸುಳಿ ಹಾಕಿ ನೇರ ಗೆರೆಗೆ ತಂದುಬಿಡುತ್ತಾರೆ. ಬೆನ್ನು 2 ಮಿ.ಮೀ. ತಗ್ಗಿರುವ ಕಡೆ ಮರ 2 ಮಿ.ಮೀ. ತೆಳ್ಳಗಾಯಿತು, ಉಬ್ಬಿರುವ ಕಡೆ ಅಷ್ಟು ದಪ್ಪ ಉಳಿಯಿತು. ನೋಡಲು ಅಚ್ಚುಕಟ್ಟು. ಬಾಗಿಸಿದರೆ ತಗ್ಗಿನಲ್ಲಿ ಮಡಿಕೆ. ಬೆನ್ನು ಎಲ್ಲಿ ತಗ್ಗುತ್ತದೋ ಹೊಟ್ಟೆ ಅಲ್ಲಿ ಉಬ್ಬಬೇಕು, ಬೆನ್ನು ಉಬ್ಬಿದ ಕಡೆ ಹೊಟ್ಟೆ ತಗ್ಗಬೇಕು. ಪಕ್ಕದಿಂದ ನೋಡಿದರೆ ಬಿಲ್ಲು ಹಾವಿನಂತೆ ಅಲೆಯಲಿ, ಪರವಾಗಿಲ್ಲ. ದಪ್ಪ ಮಾತ್ರ ಹಿಡಿಯಿಂದ ತುದಿಯ ಕಡೆಗೆ ನಿಧಾನವಾಗಿ ಇಳಿಯುತ್ತಾ ಹೋಗಬೇಕು. ಇದಕ್ಕೆ ಕೀಸುಳಿ ಬೇಡ. ಅರ್ಧಗುಂಡಗಿನ ಅರ, ಆಮೇಲೆ ಹೆರೆಯುವ ತಗಡು ಸಾಕು.

ಮಡಿಕೆ ಆಗಿಬಿಟ್ಟಿದ್ದರೆ ಪರಿಹಾರ: ಕಾಟು ಹಾಕಿದ ಜಾಗ ಬಿಟ್ಟು ಉಳಿದ ಇಡೀ ತೋಳನ್ನು ಅದರ ಮಟ್ಟಕ್ಕೆ ತರುವುದು. ಒಂದು ಸಲಕ್ಕೆ ಹತ್ತು ಎಳೆತ ತಗಡು ಆಡಿಸಿ, ಕಡಿಮೆ ಒತ್ತಡದಲ್ಲಿ ಇಪ್ಪತ್ತು ಸಲ ಬಾಗಿಸಿ, ಮತ್ತೆ ಅಳೆಯಿರಿ. ಮರ ತೆಗೆದ ತಕ್ಷಣ ಬಾಗು ಬದಲಾಗುವುದಿಲ್ಲ, ಕೆಲವು ಸಲ ಬಾಗಿದ ಮೇಲೆಯೇ ತಿಳಿಯುತ್ತದೆ. ಎಳೆತದ ಭಾರ, ಅಂದರೆ ಬಿಲ್ಲನ್ನು ಪೂರ್ತಿ ಎಳೆಯಲು ಬೇಕಾದ ಬಲ, ಇಳಿಯುತ್ತದೆ, 50 ಪೌಂಡ್ ಅಂದುಕೊಂಡದ್ದು 40ಕ್ಕೆ ನಿಲ್ಲಬಹುದು. ನಿಲ್ಲಲಿ. ಮಡಿಕೆಯಿರುವ 50 ಪೌಂಡ್ ಬಿಲ್ಲಿಗಿಂತ ಸರಿಯಾಗಿ ಬಾಗುವ 40 ಪೌಂಡ್ ಬಿಲ್ಲು ಹೆಚ್ಚು ದಿನ ಬಾಣ ಬಿಡುತ್ತದೆ. ಭಾರ ಬೇಕೇಬೇಕು ಎಂದರೆ, ಉದ್ದ ಸಾಕಷ್ಟಿದ್ದಾಗ ಎರಡೂ ತುದಿಯಲ್ಲಿ ಒಂದೊಂದು ಇಂಚು ಕತ್ತರಿಸಿ ಹೊಸ ಕಚ್ಚು ಹಾಕಬಹುದು. ಆದರೆ 28 ಇಂಚು ಎಳೆಯುವ, ಹಿಡಿ ಬಾಗದ ಬಿಲ್ಲಿಗೆ 64 ಇಂಚಿಗಿಂತ ಕೆಳಗೆ ಇಳಿಯುವುದು ನನಗೆ ಇಷ್ಟವಿಲ್ಲ, ಅದರಲ್ಲೂ ಗಂಟಿನ ಮರದಲ್ಲಿ.

ಗಂಟಿನ ಸುತ್ತ ತೊಂದರೆ

ಗಂಟಿನ ಹತ್ತಿರ ಮರದ ಎಳೆ ಕಲ್ಲಿನ ಸುತ್ತ ಹರಿಯುವ ನೀರಿನಂತೆ ಎರಡೂ ಕಡೆ ಬಳಸಿ ಹೋಗುತ್ತದೆ. ಭಾರ ಹೊರುವುದು ಆ ಬಳಸಿದ ಎಳೆಗಳು, ಗಂಟು ಅಲ್ಲ. ಹಾಗಾಗಿ ಅಳೆಯಬೇಕಾದದ್ದು ಗಂಟಿನ ಎರಡೂ ಪಕ್ಕ ಉಳಿದಿರುವ ಒಳ್ಳೆಯ ಮರವನ್ನು. ತೋಳಿನ ಅಗಲ ಅಲ್ಲಿ 35 ಮಿ.ಮೀ. ಇರಬೇಕಿದ್ದು, ಗಂಟು 8 ಮಿ.ಮೀ. ಇದ್ದರೆ, ಅಲ್ಲಿ ಅಗಲವನ್ನು 43ರ ಹತ್ತಿರ ಬಿಡಿ. ಅಂಚಿನ ಗೆರೆ ಗಂಟಿನ ಬಳಿ ಹೊಟ್ಟೆ ಬಿಟ್ಟುಕೊಂಡು ಮತ್ತೆ ಒಳಗೆ ಬರುತ್ತದೆ. ನೇರ ಗೆರೆ ಎಳೆದು ಕೊಯ್ದರೆ ಬಳಸಿ ಹೋಗುವ ಎಳೆ ಕಡಿದುಹೋಗುತ್ತದೆ.

ಬೆನ್ನಿನ ಮೇಲೆ ಗಂಟಿನ ಜಾಗವನ್ನು ಸಣ್ಣ ದಿಬ್ಬದಂತೆ ಎತ್ತರಕ್ಕೆ ಬಿಡಬೇಕು. ಉಂಗುರ ಅಲ್ಲಿ ತಾನಾಗಿಯೇ ಮೇಲೇಳುತ್ತದೆ. ಎಳೆಗತ್ತಿ ಗಂಟಿನ ಮೇಲೆ ಏರುವಾಗಲೇ ಉಂಗುರವನ್ನು ತುಂಡರಿಸುವುದು, ಆದ್ದರಿಂದ ಗಂಟಿಗೆ ಎರಡು ಬೆರಳು ದೂರವಿರುವಾಗಲೇ ಕತ್ತಿ ನಿಲ್ಲಿಸಿ, ಉಳಿದದ್ದನ್ನು ತಗಡು ಅಥವಾ ಚಾಕುವಿನ ತುದಿಯಿಂದ ಕೆರೆಯಿರಿ. ಸಾಸಿವೆ ಕಾಳಿನಷ್ಟು ಸಣ್ಣ ಗಂಟಿಗೂ ಇದೇ ಮರ್ಯಾದೆ ಕೊಡಿ.

ಅತಿ ಕೆಟ್ಟದ್ದು ಅಂಚಿನ ಗಂಟು. ಅರ್ಧ ಒಳಗೆ, ಅರ್ಧ ಹೊರಗೆ. ಬಳಸಿ ಬರುವ ಎಳೆಗೆ ಒಂದು ಕಡೆ ದಾರಿಯೇ ಇಲ್ಲ. ಗೆರೆ ಹಾಕುವಾಗಲೇ ಬಿಲ್ಲನ್ನು ಸ್ವಲ್ಪ ಪಕ್ಕಕ್ಕೆ ಸರಿಸಿ, ಗಂಟು ಪೂರ್ತಿ ಒಳಗೆ ಬರುವಂತೆ ಅಥವಾ ಪೂರ್ತಿ ಹೊರಗೆ ಹೋಗುವಂತೆ ಮಾಡಿ. ಇಲ್ಲವೇ ತುದಿಯಿಂದ ತುದಿಗೆ ಅಳತೆ ಸರಿಸಿ ಆ ಗಂಟನ್ನು ಬಾಗದ ಹಿಡಿಯೊಳಗೆ ತನ್ನಿ. ಸೀಳು ಬಿಲ್ಲಿಗಿಂತ ಒಂದು ಗೇಣು ಉದ್ದ ಇದ್ದರೆ ಇದು ಸುಲಭ.

ಗಂಟು ಕೊಳೆತು ಕಪ್ಪಾಗಿದ್ದರೆ, ಮೆದು ಭಾಗವನ್ನು ಗಟ್ಟಿ ಮರ ಸಿಗುವ ತನಕ ಕೆರೆದು ತೆಗೆಯಿರಿ. ತೂತಿಗೆ ಮರದ ಪುಡಿ ಮತ್ತು ಎಪಾಕ್ಸಿ ತುಂಬಬಹುದು. ಅದು ನೀರು ಹೋಗದಂತೆ ತಡೆಯುತ್ತದೆ, ನೋಡಲು ಚೆನ್ನಾಗಿರುತ್ತದೆ. ಭಾರ ಹೊರುವುದಿಲ್ಲ. ತೂತನ್ನು ತೂತು ಎಂದೇ ಲೆಕ್ಕ ಹಿಡಿದು ಪಕ್ಕದ ಅಗಲ ಬಿಡಿ. ಗಂಟಿನ ಬಳಿ ಬಾಗಿನ ಅಂಕಿ ಪಕ್ಕಕ್ಕಿಂತ ಸ್ವಲ್ಪ ಕಡಿಮೆಯೇ ಇರಲಿ. ಅದನ್ನು ಸಮ ಮಾಡಲು ಹೋಗಬೇಡಿ.

ಹೆದೆ ಹಿಡಿಯ ಮೇಲೆ ಬರದೆ ಪಕ್ಕಕ್ಕೆ ಹೋಗುತ್ತದೆ

ಇದಕ್ಕೆ ಮೂರು ಕಾರಣಗಳಿರಬಹುದು, ಮೂರಕ್ಕೂ ಔಷಧ ಬೇರೆ. ಬೇರ್ಪಡಿಸದೆ ಹೆರೆಯಲು ಶುರು ಮಾಡಿದರೆ ಬಿಲ್ಲು ಎರಡೇ ದಿನಕ್ಕೆ ಕಡ್ಡಿಯಾಗುತ್ತದೆ.

ಮೊದಲು ಹೆದೆ ಇಳಿಸಿ. ಒಂದು ತುದಿಯಿಂದ ಇನ್ನೊಂದು ತುದಿಗೆ ದಾರ ಬಿಗಿಯಾಗಿ ಹಿಡಿಯಿರಿ. ದಾರ ಹಿಡಿಯ ನಡುವೆ ಬರದಿದ್ದರೆ ಬಿಲ್ಲೇ ಪಕ್ಕಕ್ಕೆ ಸೊಟ್ಟ. ಇದಕ್ಕೆ ಬಿಸಿ ಬೇಕು. ದಾರ ನಡುವೆಯೇ ಬಂದು, ಒಂದು ತುದಿ ಮಾತ್ರ ಫ್ಯಾನಿನ ರೆಕ್ಕೆಯ ಹಾಗೆ ಓರೆಯಾಗಿದ್ದರೆ ಅದು ತಿರುಚು. ಸ್ವಲ್ಪ ತಿರುಚಿದ್ದು ಹೆದೆ ನಡುವೆಯೇ ಕೂತರೆ ಹಾಗೇ ಬಿಡಬಹುದು. ಹೆದೆ ಇಲ್ಲದಾಗ ಎಲ್ಲವೂ ನೆಟ್ಟಗಿದ್ದು, ಹೆದೆ ಏರಿಸಿದಾಗ ಮಾತ್ರ ಪಕ್ಕಕ್ಕೆ ಹೋದರೆ, ತೋಳಿನ ಒಂದು ಅಂಚು ತೆಳ್ಳಗಿದೆ ಎಂದರ್ಥ.

ಮೂರನೆಯದಕ್ಕೆ ಮೊದಲು ಉತ್ತರ. ತೋಳು ಯಾವಾಗಲೂ ತೆಳು ಅಂಚಿನ ಕಡೆ ವಾಲುತ್ತದೆ. ಹೊಟ್ಟೆಯ ಕಡೆಯಿಂದ ನೋಡಿದಾಗ ತುದಿ ಎಡಕ್ಕೆ ಹೋಗುತ್ತಿದ್ದರೆ ಎಡ ಅಂಚು ತೆಳು, ಬಲ ಅಂಚು ದಪ್ಪ. ಹೆರೆಯಬೇಕಾದದ್ದು ಬಲ ಅಂಚಿನ ಹೊಟ್ಟೆಯನ್ನು. ಕ್ಯಾಲಿಪರನ್ನು ಎರಡೂ ಅಂಚಿಗೆ ಇಟ್ಟರೆ ಅರ್ಧ ಮಿ.ಮೀ. ವ್ಯತ್ಯಾಸವೂ ಸಿಕ್ಕಿಬೀಳುತ್ತದೆ. ತೋಳಿನ ಯಾವ ಭಾಗದಲ್ಲಿ ವಾಲುವುದು ಶುರುವಾಗುತ್ತದೋ ಅಲ್ಲಿಂದಲೇ ಹೆರೆಯಿರಿ, ಇಡೀ ಅಂಚನ್ನಲ್ಲ. ಕೊನೆಗೆ ಒಂದೆರಡು ಮಿ.ಮೀ. ಉಳಿದರೆ, ಹೆದೆ ವಾಲಿರುವ ಕಡೆಯ ಕಚ್ಚನ್ನು ತುಸು ಆಳ ಮಾಡಿ. ಹೆದೆ ಅಷ್ಟು ಈಚೆ ಬರುತ್ತದೆ.

ಬಿಸಿ ಕೊಡುವ ಕೆಲಸಕ್ಕೆ ಎರಡು ದಾರಿ. ಸೀಳು ಇನ್ನೂ ದಪ್ಪಗಿದ್ದು ದೊಡ್ಡ ಸೊಟ್ಟ ತೆಗೆಯಬೇಕಾದರೆ ಹಬೆ ಒಳ್ಳೆಯದು. ಒಂದು ಇಂಚು ದಪ್ಪಕ್ಕೆ ಸುಮಾರು ಒಂದು ಗಂಟೆ. ದೊಡ್ಡ ಪಾತ್ರೆಯಲ್ಲಿ ನೀರು ಕುದಿಸಿ, ಮೇಲೆ ಫಾಯಿಲ್ ಸುತ್ತಿದರೆ ಸಾಕು. ಸೀಳು ಒಣಗಿ ಅಳತೆಗೆ ಬಂದಿದ್ದರೆ ಬಿಸಿ ಗಾಳಿ ಊದುವ ಹೀಟ್ ಗನ್. ಅಡುಗೆ ಎಣ್ಣೆ ತೆಳ್ಳಗೆ ಸವರಿ, ಒಂದು ಗೇಣು ಉದ್ದದ ಜಾಗಕ್ಕೆ ಮಾತ್ರ, ಕೈ ಆಡಿಸುತ್ತಾ ಬಿಸಿ ಕೊಡಿ. ಇನ್ನೊಂದು ಬದಿ ಮುಟ್ಟಲಾರದಷ್ಟು ಬಿಸಿಯಾದಾಗ ಕ್ಲಾಂಪು ಬಿಗಿಯಿರಿ. ಬೇಕಾದದ್ದಕ್ಕಿಂತ ಸ್ವಲ್ಪ ಜಾಸ್ತಿ ಎಳೆದು ಹಿಡಿಯಿರಿ, ಬಿಟ್ಟಾಗ ಒಂದಿಷ್ಟು ವಾಪಸ್ ಬರುತ್ತದೆ. ತಿರುಚಿಗೆ ಹಿಡಿಯನ್ನು ವೈಸಿನಲ್ಲಿ ಕಚ್ಚಿಸಿ, ಬಿಸಿ ಜಾಗದ ಆಚೆ ಒಂದು ಉದ್ದ ಕೋಲನ್ನು ಅಡ್ಡ ಕಟ್ಟಿ ತಿರುಗಿಸಿ, ಕೋಲಿಗೆ ಭಾರ ತೂಗುಬಿಡಿ. ರಾತ್ರಿಯಿಡೀ ತಣ್ಣಗಾಗಲಿ. ಹೀಟ್ ಗನ್ ಬಳಸಿದ ಮೇಲೆ ಒಂದು ವಾರವಾದರೂ ಬಾಗಿಸಬೇಡಿ. ಬಿಸಿಗೆ ಮರದ ತೇವ ಬಹಳಷ್ಟು ಹೋಗಿರುತ್ತದೆ, ಗಾಳಿಯಿಂದ ಅದು ಸ್ವಲ್ಪ ವಾಪಸ್ ಬರಬೇಕು. ಆ ಒಣ ಸ್ಥಿತಿಯಲ್ಲಿ ಎಳೆದರೆ ಗಾಜಿನಂತೆ ಒಡೆಯುತ್ತದೆ. ಫೆವಿಕ್ವಿಕ್ ಬಗೆಯ ಅಂಟು ಹಾಕಿದ ಜಾಗಕ್ಕೆ ಹೀಟ್ ಗನ್ ಹಿಡಿಯಬೇಡಿ, ಅದರ ಹೊಗೆ ಕಣ್ಣು ಮೂಗನ್ನು ಉರಿಸುತ್ತದೆ.

ಟಿಕ್ ಎಂಬ ಶಬ್ದ, ಬೆನ್ನಿನ ಮೇಲೆ ಎದ್ದ ಎಳೆ

ಮೊದಲ ಸಲ ಹೆದೆ ಏರಿಸುವಾಗ ಬರುವ ಟಿಕ್ ಶಬ್ದ ಹೆದೆ ಕಚ್ಚಿನಲ್ಲಿ ಕೂರುವುದೂ ಆಗಿರಬಹುದು, ಮರ ಬಿಡುವುದೂ ಆಗಿರಬಹುದು. ಊಹೆ ಬೇಡ. ಹೆದೆ ಇಳಿಸಿ, ಹತ್ತಿಯ ಉಂಡೆಯನ್ನು ಬೆನ್ನಿನ ಮೇಲೆ ಎರಡೂ ದಿಕ್ಕಿಗೆ ಸವರಿ. ಎಳೆ ಎದ್ದಿದ್ದರೆ ಹತ್ತಿ ಅಲ್ಲಿ ಸಿಕ್ಕಿಕೊಳ್ಳುತ್ತದೆ. ಅಂಚುಗಳನ್ನೂ ಸವರಿ, ಏಕೆಂದರೆ ಎಳೆ ಏಳುವುದು ಹೆಚ್ಚಾಗಿ ಚೂಪಾಗಿ ಬಿಟ್ಟ ಅಂಚಿನಲ್ಲಿ. ಬಾಗಿಸಲು ಶುರು ಮಾಡುವ ಮೊದಲೇ ಬೆನ್ನಿನ ಎರಡೂ ಅಂಚನ್ನು ಗುಂಡಗೆ ಮಾಡಿರಬೇಕು.

ಎಳೆ ಎದ್ದ ಜಾಗದಲ್ಲಿ ಉಂಗುರದ ಪದರ ತುಂಡಾಗಿದೆಯೇ ನೋಡಿ. ಬೆನ್ನಿನ ಮೇಲೆ ತೂತಿನ ಪದರದ ಗೆರೆ ಕಂಡರೆ ತುಂಡಾಗಿದೆ ಎಂದೇ ಅರ್ಥ. ದಪ್ಪ ಇನ್ನೂ ಮಿಕ್ಕಿದ್ದರೆ ಇಡೀ ಬೆನ್ನನ್ನು ಮುಂದಿನ ಉಂಗುರಕ್ಕೆ ಇಳಿಸುವುದೇ ಸರಿಯಾದ ದಾರಿ. ಅರ್ಧ ದಿನದ ಕೆಲಸ, ಆದರೆ ಪೂರ್ತಿ ವಾಸಿ. ದಪ್ಪ ಇಲ್ಲದಿದ್ದರೆ ತೆಳು ಅಂಟನ್ನು ಎಳೆಯ ಕೆಳಗೆ ಹರಿಸಿ, ಒತ್ತಿ ಹಿಡಿದು, ಒಣಗಿದ ಮೇಲೆ ರೇಷ್ಮೆ ಅಥವಾ ನಾರಗಸೆಯ (ಲಿನನ್) ದಾರವನ್ನು ಒತ್ತೊತ್ತಾಗಿ ಸುತ್ತಿ, ಅದಕ್ಕೂ ಅಂಟು ಕುಡಿಸಿ. ಒಂದಕ್ಕಿಂತ ಹೆಚ್ಚು ಕಡೆ ಎದ್ದಿದ್ದರೆ ಇಡೀ ಬೆನ್ನಿಗೆ ಹದ ಮಾಡದ ತೆಳು ಹಸಿ ಚರ್ಮ ಅಂಟಿಸಬೇಕು. ಚರ್ಮ ಬಿಲ್ಲಿಗೆ ಬಲ ಕೊಡುವುದಿಲ್ಲ, ಎಳೆ ಏಳದಂತೆ ಅದುಮಿ ಹಿಡಿಯುತ್ತದೆ.

ಉದ್ದ ಬಿರುಕು, ಅಡ್ಡ ಬಿರುಕು

ಒಣಗುವಾಗ ಬಿದ್ದ ಬಿರುಕು ಎಳೆಯ ಜೊತೆಯೇ ಉದ್ದಕ್ಕೆ ಹೋಗಿ, ತೋಳಿನ ಒಳಗೇ ಮುಗಿದರೆ ಹೆದರುವುದು ಬೇಡ. ತೆಳು ಅಂಟು ಇಳಿಸಿ ಮುಂದೆ ಹೋಗಿ. ಬಿರುಕು ಓರೆಯಾಗಿ ಅಂಚಿನಿಂದ ಹೊರಗೆ ಹೋಗುತ್ತಿದ್ದರೆ ಹೊರಹೋಗುವ ಜಾಗಕ್ಕೆ ಅಂಟು ಮತ್ತು ದಾರದ ಸುತ್ತು ಬೇಕು. ಬೆನ್ನಿನಲ್ಲಿ ಎಳೆಗೆ ಅಡ್ಡವಾದ ಬಿರುಕಿಗೆ ಔಷಧ ಇಲ್ಲ.

ಹೊಟ್ಟೆಯ ಮೇಲೆ ಕೂದಲೆಳೆಯಂಥ ಅಡ್ಡ ಗೆರೆಗಳು ಬೇರೆ ಜಾತಿ. ಅವು ಮರ ಜಜ್ಜಿಹೋದ ಗುರುತು. ಉಗುರಿಗೆ ಸಿಗುತ್ತವೆ, ಓರೆ ಬೆಳಕಿನಲ್ಲಿ ಕಾಣುತ್ತವೆ. ಬಹುತೇಕ ಮಡಿಕೆ ಇರುವ ಜಾಗದಲ್ಲೇ ಇರುತ್ತವೆ, ಮಡಿಕೆಯ ಪರಿಹಾರವೇ ಇದಕ್ಕೂ. ಗೆರೆಗಳನ್ನು ಉಜ್ಜಿ ತೆಗೆಯಲು ಹೋಗಬೇಡಿ, ಅಲ್ಲಿ ಮರ ಇನ್ನೂ ತೆಳುವಾಗುತ್ತದೆ.

ಹೆದೆ ಇಳಿಸಿದರೂ ಬಿಲ್ಲು ಬಾಗಿಯೇ ಉಳಿಯುತ್ತದೆ

ಬಾಣ ಬಿಟ್ಟು ಹೆದೆ ಇಳಿಸಿದ ಕೂಡಲೇ ತುದಿಗಳು ಮೊದಲಿಗಿಂತ ಒಂದು, ಒಂದೂವರೆ ಇಂಚು ಹೊಟ್ಟೆಯ ಕಡೆ ಬಂದಿದ್ದರೆ ಅದು ಸಹಜ. ಎರಡು ಇಂಚು ದಾಟಿದರೆ ಕಾರಣ ಹುಡುಕಿ. ಇಲ್ಲಿ ಮತ್ತೆ ಸ್ಕೇಲಿನ ಅಳತೆ ಕೆಲಸಕ್ಕೆ ಬರುತ್ತದೆ. ಮೊದಲ ದಿನ ಬರೆದಿಟ್ಟ ಅಂಕಿಗೂ ಈಗಿನ ಅಂಕಿಗೂ ಎಲ್ಲಿ ವ್ಯತ್ಯಾಸವಿದೆ? ಒಂದೇ ಜಾಗದಲ್ಲಿದ್ದರೆ ಅಲ್ಲಿ ಮರ ಸೋತಿದೆ, ಅದು ಮಡಿಕೆಯ ಪ್ರಶ್ನೆ. ಇಡೀ ತೋಳಿನಲ್ಲಿ ಸಮವಾಗಿ ಹರಡಿದ್ದರೆ ಮರ ಒಣಗಿಲ್ಲ, ಅಥವಾ ಆ ಉದ್ದಕ್ಕೆ ಎಳೆತ ಜಾಸ್ತಿ.

ಒಣಗಿದೆಯೋ ಇಲ್ಲವೋ ತಿಳಿಯಲು ತಕ್ಕಡಿ ಸಾಕು. ವಾರಕ್ಕೊಮ್ಮೆ ತೂಗಿ ಬರೆದಿಡಿ. ತೂಕ ಇಳಿಯುವುದು ನಿಂತರೆ ಸುತ್ತಲಿನ ಗಾಳಿಗೆ ಸಮನಾಗಿ ಒಣಗಿದೆ. ಆದರೆ ಆ ಗಾಳಿ ಹೇಗಿದೆ ಎಂಬುದೂ ಮುಖ್ಯ ಅಲ್ವಾ? ಗಾಳಿಯ ತೇವಾಂಶ ಶೇ. 50 ಇದ್ದರೆ ಮರದಲ್ಲಿ ಸುಮಾರು ಶೇ. 9 ನೀರು ನಿಲ್ಲುತ್ತದೆ. ಬಿಲ್ಲಿಗೆ ಅದು ಹದ. ಶೇ. 80 ಇದ್ದರೆ ಮರದ ನೀರು ಶೇ. 16ರ ಹತ್ತಿರ ಹೋಗುತ್ತದೆ. ಮಳೆಗಾಲದ ಮಲೆನಾಡು, ಕರಾವಳಿಯಲ್ಲಿ ತೂಕ ಇಳಿಯುವುದು ನಿಂತರೂ ಮರ ಬಿಲ್ಲಿಗೆ ಬೇಕಾದಷ್ಟು ಒಣಗಿರುವುದಿಲ್ಲ. ಅಲ್ಲಿನವರು ಮರ ಕಡಿದು ತುದಿಗಳಿಗೆ ಮತ್ತು ಬೆನ್ನಿಗೆ ಫೆವಿಕಾಲ್ ಅಥವಾ ಪೇಂಟ್ ಬಳಿದು ಒಣಗಿಸುವ ಕೆಲಸವನ್ನು ಯಾವಾಗ ಬೇಕಾದರೂ ಮಾಡಲಿ, ಬಾಗಿಸುವ ಕೆಲಸವನ್ನು ಜನವರಿಯಿಂದ ಏಪ್ರಿಲ್ ಒಳಗೆ ಇಟ್ಟುಕೊಂಡರೆ ಒಳ್ಳೆಯದು. ಒಲೆಯ ಮೇಲಿನ ಅಟ್ಟ ಇರುವ ಮನೆಯಾದರೆ ಸೀಳಿಗೆ ಅದಕ್ಕಿಂತ ಒಳ್ಳೆಯ ಜಾಗ ಇಲ್ಲ. ಮುಗಿದ ಬಿಲ್ಲಿಗೆ ಮೂರ್ನಾಲ್ಕು ಕೈ ವಾರ್ನಿಷ್ ಕೊಟ್ಟರೂ ತೇವ ಒಳಗೆ ಹೋಗುವುದು ನಿಧಾನವಾಗುತ್ತದೆ, ನಿಲ್ಲುವುದಿಲ್ಲ.

ಎರಡು ತೋಳು ಸಮ ಇಲ್ಲ

ಹೆದೆ ಏರಿಸಿ, ಹಿಡಿಯ ಎರಡೂ ಕಡೆ ಸಮ ದೂರದಲ್ಲಿ ಹೆದೆಯಿಂದ ಹೊಟ್ಟೆಗೆ ಅಳೆಯಿರಿ. ಮೇಲಿನ ತೋಳಿನಲ್ಲಿ 3ರಿಂದ 5 ಮಿ.ಮೀ. ಜಾಸ್ತಿ ಬಂದರೆ ಸರಿಯಾಗಿದೆ. ಸೊಟ್ಟ ಬಿಲ್ಲಿನಲ್ಲಿ ಈ ಅಳತೆಗೂ ಸುಮ್ಮನಿರುವಾಗಿನ ಅಂಕಿ ಕಳೆಯಬೇಕು. ಒಂದು ತೋಳು ಹುಟ್ಟಿನಿಂದಲೇ ಹೊಟ್ಟೆಯ ಕಡೆ ಬಾಗಿದ್ದರೆ ಅದು ಮೆದು ಎಂದು ಕಾಣುತ್ತದೆ, ಹಾಗಿರಬೇಕಿಲ್ಲ. ಹೆಚ್ಚು ಗಂಟು ಇರುವ ತೋಳನ್ನು ನಾನು ಕೆಳಗೆ ಇಡುತ್ತೇನೆ. ಕೆಳ ತೋಳು ಹೇಗೂ ಒಂದು ಕೂದಲು ಬಿಗಿ ಇರಬೇಕು, ಗಂಟಿನ ಸುತ್ತ ಬಿಟ್ಟ ಹೆಚ್ಚಿನ ಮರ ಅದಕ್ಕೆ ಹೊಂದಿಕೊಳ್ಳುತ್ತದೆ.

ಯಾವಾಗ ಬಿಡಬೇಕು

ಬೆನ್ನಿನಲ್ಲಿ ಅಡ್ಡ ಬಿರುಕು ಕಂಡರೆ, ಕೊಳೆತ ಜಾಗ ತೋಳಿನ ಅರ್ಧ ಅಗಲ ನುಂಗಿದ್ದರೆ, ಹುಳ ಕೊರೆದ ದಾರಿ ಬೆನ್ನನ್ನು ಅಡ್ಡ ದಾಟಿದ್ದರೆ ಆ ತೋಳಿನ ಮೇಲೆ ಇನ್ನು ಸಮಯ ಹಾಕಬೇಡಿ. ಆದರೆ ಇಡೀ ಸೀಳನ್ನು ಒಲೆಗೆ ಕೊಡುವುದೂ ಬೇಡ. ದೋಷ ಸಾಮಾನ್ಯವಾಗಿ ಒಂದೇ ತೋಳಿನಲ್ಲಿರುತ್ತದೆ. ಹಿಡಿಯ ಆಚೆ ಒಂದು ಗೇಣು ಸೇರಿಸಿ ಒಳ್ಳೆಯ ಅರ್ಧವನ್ನು ಕೊಯ್ದುಕೊಳ್ಳಿ. ಇನ್ನೊಂದು ಸೀಳಿನಿಂದ ಉಳಿದ ಒಳ್ಳೆಯ ಅರ್ಧ ಸಿಕ್ಕಾಗ, ಹಿಡಿಯ ಒಳಗೆ ನಾಲ್ಕು ಇಂಚು ಉದ್ದದ ಹಲ್ಲುಜೋಡಣೆ ಮಾಡಿ ಎಪಾಕ್ಸಿ ಹಾಕಿದರೆ ಅದು ಪೂರ್ತಿ ಬಿಲ್ಲು. ಹಿಡಿ ಬಾಗುವುದಿಲ್ಲ, ಹಾಗಾಗಿ ಜೋಡಣೆಗೆ ಬಾಗಿನ ಒತ್ತಡ ಬೀಳುವುದು ಕಡಿಮೆ. ಜೋಡಿಸುವ ಎರಡು ಅರ್ಧಗಳಲ್ಲಿ ಉಂಗುರದ ದಪ್ಪ ಹತ್ತಿರ ಹತ್ತಿರ ಇರಲಿ. ಕೊಯ್ದ ತುಂಡಿನ ಮೇಲೆ ಬೆನ್ನು ಯಾವುದು, ಹಿಡಿಯ ತುದಿ ಯಾವುದು, ಯಾವ ತಿಂಗಳು ಕಡಿದದ್ದು ಎಂದು ಅಂದೇ ಬರೆಯಿರಿ, ಕೊಯ್ದ ತುದಿಗೆ ಅಂಟು ಬಳಿಯಿರಿ.